ಗಣಿಯೂರಿಗೆ ಯಜಮಾನರು ಯಾರು?



ನಮ್ಮಲ್ಲಿ ಬೀದಿ ನಲ್ಲಿಯಲ್ಲಿ ನೀರು ನಿಂತರೆ ಯಾರನ್ನು ಕೇಳಬೇಕೆಂದು ಮಕ್ಕಳಿಗೂ ಗೊತ್ತು: ಪಂಚಾಯ್ತಿಯನ್ನು. ನಮ್ಮ ಜಿಲ್ಲೆಯದೇ ಆದ ಕೆ.ಜಿ.ಎಫ್.ನಲ್ಲಿ ಈ ಪ್ರಶ್ನೆ ಅಷ್ಟು ಸುಲಭದ್ದಾಗಿರಲಿಲ್ಲ.

ನಮ್ಮ ಸೀಮೆಯ ಊರುಗಳು ಕೆರೆಯ ಕೆಳಗೋ, ಕೋಟೆಯ ಬುಡದಲ್ಲೋ, ಸಂತೆಯ ಸುತ್ತಲೋ ಬೆಳೆದಂಥವು. ಕೆ.ಜಿ.ಎಫ್. ಬೆಳೆದದ್ದು ಒಂದು ಗುಂಡಿಯ ಸುತ್ತ. 1875ರಲ್ಲಿ ಮೈಕೇಲ್ ಲೆವೆಲ್ ಎಂಬಾತನಿಗೆ ಚಿನ್ನ ತೆಗೆಯುವ ಪರವಾನಗಿ ಸಿಕ್ಕಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1891ರಲ್ಲಿ 7,085 ಇದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ 38,204ಕ್ಕೆ ಏರಿತು. ಇವರಲ್ಲಿ ಬಹುಪಾಲು ಆರ್ಕಾಟು, ಚಿತ್ತೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂತು. ಬೆಂಗಳೂರಿನ ಬೀದಿಗಳಿಗೆ ಅದು ತಲುಪಿದ್ದು 1905ರಲ್ಲಿ!

ಇಷ್ಟು ಜನರ ಚರಂಡಿ, ನೀರು, ರೋಗರುಜಿನ ನೋಡುವವರು ಯಾರು? ಗಣಿ ಪ್ರದೇಶಕ್ಕೆ ಇದ್ದದ್ದು ಸ್ಯಾನಿಟರಿ ಬೋರ್ಡ್, ಅಂದರೆ ನೈರ್ಮಲ್ಯ ಮಂಡಳಿ. ಊರನ್ನು ಆಳುವುದಕ್ಕಿಂತ ಶುಚಿಯಾಗಿಡುವುದೇ ಮುಖ್ಯವೆಂದು ಹೆಸರೇ ಹೇಳುತ್ತದೆ. ಕಾರ್ಮಿಕನ ಮನೆ, ನೀರು, ಆಸ್ಪತ್ರೆ ಎಲ್ಲವೂ ಕಂಪನಿಯದು. ಕೆಲಸ ಕೊಟ್ಟವನೇ ಮನೆಯೊಡೆಯನೂ ಆದಾಗ, ನಲ್ಲಿ ಕೆಟ್ಟಿತೆಂದು ಜಗಳವಾಡಲು ಎಷ್ಟು ಜನಕ್ಕೆ ಧೈರ್ಯ ಬಂದೀತು? ಗಣಿಯ ಪಕ್ಕದಲ್ಲಿ ನೇರ ಬೀದಿಗಳ ಹೊಸ ಪೇಟೆಯೂ ಎದ್ದಿತು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರನ್ನು ಅದಕ್ಕಿಟ್ಟರು.

ಮುಂದೆ ಯಜಮಾನರು ಬದಲಾದರು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. ಆದರೆ ಕಾಲೋನಿಯ ನೆಲ ಗಣಿಯದಾಗಿಯೇ ಉಳಿಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಿಗೆ ಸಂವಿಧಾನದ ಬಲವನ್ನೇನೋ ಕೊಟ್ಟಿತು. ಮನೆ ಯಾರದೆಂಬುದನ್ನು ಅದು ತೀರ್ಮಾನಿಸಲಾರದಲ್ಲ!

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ತಲೆಮಾರು ಕಂಪನಿಯ ಕಚೇರಿಗೆ ಹೋಗಿ ರೂಢಿಯಿದ್ದ ಜನ ನಗರಸಭೆಯ ಬಾಗಿಲಿಗೆ ಬಂದರು. ಓಟು ಅವರದು, ತಾವು ಮಲಗುವ ಸೂರು ಮಾತ್ರ ಕಾಗದದಲ್ಲಿ ಅವರದಲ್ಲ. ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು.

ಅವರು ಹೋಗಿ ನಿಲ್ಲುವ ಆ ಕಚೇರಿಯ ಹೆಸರು ಇವತ್ತಿಗೂ ರಾಬರ್ಟ್‌ಸನ್‌ಪೇಟೆ ನಗರಸಭೆ.