ಬಿರುಕು ಬಿಟ್ಟ ಮೆನಿಫೋಲ್ಡು
(ಸಂಘದ ವಾರ್ಷಿಕೋತ್ಸವದ ದಿನ ಆಡಿದ ಮಾತುಗಳ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ಯುವಕರು ಮತ್ತು ಸ್ವಯಂ ಉದ್ಯೋಗ’. ಆ ವಿಷಯಕ್ಕೆ ಭಾಷಣ ಮಾಡೋರು ಬೇರೆ ಇದ್ದಾರೆ, ಚೆನ್ನಾಗೂ ಮಾಡ್ತಾರೆ. ನಾನು ಮೆಕ್ಯಾನಿಕ್ಕು. ನನಗೆ ಗೊತ್ತಿರೋ ಒಂದೇ ಒಂದು ಕೆಲಸದ ಬಗ್ಗೆ ಹೇಳ್ತೀನಿ. ಡೀಸೆಲ್ ಪಿಕಪ್ ಗಾಡಿಯ ಎಕ್ಸಾಸ್ಟ್ ಮೆನಿಫೋಲ್ಡು ಬಿರುಕು ಬಿಟ್ಟರೆ ಹೇಗೆ ಕಂಡುಹಿಡಿಯೋದು, ಹೇಗೆ ಬದಲಾಯಿಸೋದು. ನಗಬೇಡ್ರಪ್ಪ, ಇದರಲ್ಲಿ ನಮ್ಮ ಹುಡುಗರ ಉಸಿರೂ ಇದೆ, ದುಡ್ಡೂ ಇದೆ.

ನಮ್ಮ ಹೊಸೂರು, ಡೆಂಕಣಿಕೋಟೆ, ಶೂಲಗಿರಿ, ರಾಯಕೋಟೆ ಕಡೆ ಪಿಕಪ್ ಗಾಡಿ ಇಲ್ಲದ ಊರಿಲ್ಲ. ರಾಯಕೋಟೆ ಟೊಮೇಟೊ, ಶೂಲಗಿರಿ ಕೊತ್ತಂಬರಿ ಪುದೀನ, ಹೊಸೂರು ಗುಲಾಬಿ, ಬೇಸಿಗೆ ಬಂದರೆ ಕೃಷ್ಣಗಿರಿ ಮಾವು, ಎಲ್ಲಾ ಹೋಗೋದು ಇದರಲ್ಲೇ. ರಾತ್ರಿ ಲೋಡ್ ಹಾಕಿ ಬೆಳಗಾಗೋದರೊಳಗೆ ಬೆಂಗಳೂರು ಮಾರ್ಕೆಟ್ಟಿಗೆ, ಇಲ್ಲವಾದರೆ ಚೆನ್ನೈ ಕೋಯಂಬೇಡಿಗೆ. 2011ರಿಂದ ಬಂದ ದೋಸ್ತ್ ಗಾಡಿಯಂತೂ ನಮ್ಮ ಹೊಸೂರು ಲೇಲ್ಯಾಂಡ್ ಕಾರ್ಖಾನೆಯಲ್ಲೇ ತಯಾರಾದದ್ದು. ಭೂಮಿ ಇಲ್ಲದ ನಮ್ಮ ಮನೆಗಳಲ್ಲಿ ಪಿಕಪ್ಪೇ ಹೊಲ. ಕೆಲವರು ತಾಟ್ಕೊ ಸಬ್ಸಿಡಿ ಸಾಲದಲ್ಲಿ ತಗೊಂಡಿದ್ದಾರೆ, ಕೆಲವರು ಫೈನಾನ್ಸಿನಲ್ಲಿ. ಗಾಡಿ ನಿಂತ ದಿನವೂ ಕಂತು ನಿಲ್ಲೋದಿಲ್ಲ.

ಮೆನಿಫೋಲ್ಡು ಅಂದರೆ ಏನು? ಇಂಜಿನ್ನಿನ ಮೂರೋ ನಾಲ್ಕೋ ಸಿಲಿಂಡರಿಂದ ಬರೋ ಸುಟ್ಟ ಹೊಗೆಯನ್ನು ಒಂದೇ ಬಾಯಿಗೆ ಸೇರಿಸೋ ಎರಕದ ಕಬ್ಬಿಣದ ತುಂಡು. ಅಲ್ಲಿಂದ ಟರ್ಬೊ, ಆಮೇಲೆ ಸೈಲೆನ್ಸರ್. ಇಂಜಿನ್ ಸುಮ್ಮನೆ ಐಡ್ಲಿಂಗಿನಲ್ಲಿ ಇದ್ದಾಗ ಹೊಗೆ 100, 200 ಡಿಗ್ರಿ ಇರುತ್ತೆ. ತುಂಬಿದ ಲೋಡಲ್ಲಿ ದಿಣ್ಣೆ ಹತ್ತುವಾಗ 600 ಡಿಗ್ರಿ ದಾಟುತ್ತೆ. ಕಬ್ಬಿಣ ಕಾದರೆ ಬೆಳೆಯುತ್ತೆ. 40 ಸೆಂಟಿಮೀಟರ್ ಉದ್ದದ ಮೆನಿಫೋಲ್ಡು 500 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತೆ. ಆದರೆ ಅದನ್ನು ಕಚ್ಚಿ ಹಿಡಿದಿರೋ ಹೆಡ್ಡಿನೊಳಗೆ ನೀರು ಓಡಾಡ್ತಿದೆ, ಅದು ಅಷ್ಟು ಕಾಯೋದೇ ಇಲ್ಲ. ಒಂದು ಬೆಳೀಬೇಕು ಅನ್ನುತ್ತೆ, ಇನ್ನೊಂದು ಬಿಡಲ್ಲ ಅನ್ನುತ್ತೆ. ದಿನಾ ಈ ಜಗಳ. ಕೊನೆಗೆ ಎರಡು ಪೋರ್ಟಿನ ನಡುವೆ ಕೂದಲೆಳೆಯಂಥ ಬಿರುಕು ಬೀಳುತ್ತೆ, ಇಲ್ಲಾ ತುದಿಯ ಸ್ಟಡ್ಡು ಮುರಿಯುತ್ತೆ. ಇದು ಯಾವುದೋ ಒಂದು ಕಂಪನಿ ಗಾಡಿಯ ದೋಷ ಅಲ್ಲ. ಎಲ್ಲಾ ಗಾಡಿಯಲ್ಲೂ ಆಗುತ್ತೆ. ದಿಣ್ಣೆ ಹತ್ತಿ ಬಂದ ತಕ್ಷಣ ಇಂಜಿನ್ ಆಫ್ ಮಾಡೋದು, ಬಿಸಿ ಇರುವಾಗಲೇ ವಾಟರ್ ಸರ್ವಿಸ್ಸಿನಲ್ಲಿ ತಣ್ಣೀರು ಹೊಡೆಸೋದು, ಟರ್ಬೊ ಭಾರ ಹೊರೋ ಬ್ರಾಕೆಟ್ಟು ಬಿಚ್ಚಿ ಮತ್ತೆ ಹಾಕದೆ ಬಿಡೋದು, ಇವೆಲ್ಲ ಅದನ್ನು ಬೇಗ ತರುತ್ತವೆ.

ಈ ಕಾಯಿಲೆಯ ಕೆಟ್ಟ ಗುಣ ಏನಂದರೆ, ಗಾಡಿ ನಿಲ್ಲೋದಿಲ್ಲ. ಕ್ಲಚ್ ಹೋದರೆ ಗಾಡಿ ನಿಂತುಬಿಡುತ್ತೆ, ಸಾಲ ಮಾಡಿಯಾದರೂ ರಿಪೇರಿ ಮಾಡಿಸ್ತೀವಿ. ಮೆನಿಫೋಲ್ಡು ಬಿರುಕು ಬಿಟ್ಟರೆ ಗಾಡಿ ಓಡ್ತಾನೇ ಇರುತ್ತೆ. ಪಿಕಪ್ ಸ್ವಲ್ಪ ಕಮ್ಮಿ, ಡೀಸೆಲ್ ಸ್ವಲ್ಪ ಜಾಸ್ತಿ, ದಿಣ್ಣೆಯಲ್ಲಿ ಕಪ್ಪು ಹೊಗೆ. ‘ಮುಂದಿನ ತಿಂಗಳು ನೋಡೋಣ’ ಅಂತ ವರ್ಷ ಕಳೀತಾರೆ. ಆ ವರ್ಷವಿಡೀ ಹೊಗೆ ಬಾನೆಟ್ಟಿನ ಕೆಳಗಿಂದ, ಫೈರ್‌ವಾಲಿನ ತೂತುಗಳಿಂದ ಕ್ಯಾಬಿನ್ನಿಗೆ ನುಗ್ಗುತ್ತೆ. ಜನವರಿಯಲ್ಲಿ ನಮ್ಮ ಕಡೆ ಚಳಿ ಹೇಗಿರುತ್ತೆ ಗೊತ್ತಲ್ಲ, ಗ್ಲಾಸು ಪೂರ್ತಿ ಏರಿಸಿ ಓಡಿಸ್ತಾರೆ. ತಲೆ ಭಾರ, ವಾಕರಿಕೆ, ಕಣ್ಣುರಿ, ತೂಕಡಿಕೆ. ನಿದ್ದೆಗೆಟ್ಟಿದ್ದಕ್ಕೆ ಅಂತಾರೆ, ಕೆಲವರ ಮನೇಲಿ ದೃಷ್ಟಿ ತೆಗೀತಾರೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಅದು ಕಮ್ಮಿ, ನಿಜ. ಆದರೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಇಂಜಿನ್ ಆನ್ ಇಟ್ಟು ಮಲಗಿದವನಿಗೆ ಕಮ್ಮಿಯೂ ಜಾಸ್ತಿಯೇ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ, ತಂಬಾಕಿನ ಹೊಗೆಯನ್ನಿಟ್ಟ ಪಟ್ಟಿಯಲ್ಲೇ ಇದನ್ನೂ ಇಟ್ಟಿದೆ. ಅಕ್ಕಂದಿರಿಗೆ ಒಂದು ಮಾತು: ಗಾಡಿಯಿಂದ ಇಳಿದು ಬಂದೋನ ಬಟ್ಟೆಯಲ್ಲಿ ದಿನಾ ಸುಟ್ಟ ಡೀಸೆಲ್ ವಾಸನೆ ಬಂದರೆ, ತಲೆನೋವು ಅಂದರೆ, ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ಬಾನೆಟ್ ತೆಗೆಸಿ.

ಕಂಡುಹಿಡಿಯೋದು ಕಷ್ಟ ಅಲ್ಲ. ಬೆಳಿಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ, ಇಲ್ಲಾ ಚುಫ್ ಚುಫ್ ಅಂತ ಸದ್ದು ಬರುತ್ತೆ. ಕಾದ ಮೇಲೆ ಕಬ್ಬಿಣ ಬೆಳೆದು ಬಿರುಕು ಮುಚ್ಚಿಕೊಂಡು ಸದ್ದು ಕಮ್ಮಿಯಾಗುತ್ತೆ. ಅದಕ್ಕೇ ಮಧ್ಯಾಹ್ನ ಗ್ಯಾರೇಜಿಗೆ ಹೋದರೆ ‘ಏನೂ ಇಲ್ಲ ಹೋಗಪ್ಪ’ ಅಂತಾರೆ. ಟ್ಯಾಪೆಟ್ ಸದ್ದಾದರೆ ಸಾಮಾನ್ಯವಾಗಿ ಹೀಗೆ ಅಡಗೋದಿಲ್ಲ. ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಟು ಇನ್ನೊಂದನ್ನು ಮೆನಿಫೋಲ್ಡಿನ ಹತ್ತಿರ ಆಡಿಸಿ, ಫ್ಯಾನ್ ಬೆಲ್ಟಿಗೆ ಸಿಗದ ಹಾಗೆ. ಸೋರೋ ಜಾಗದಲ್ಲಿ ಸದ್ದು ಕಿವಿಗೆ ಹೊಡೆಯುತ್ತೆ. ಮಸಿ ಗೆರೆಯೂ ಕಾಣಬಹುದು. ಇನ್ನೂ ಅನುಮಾನ ಇದ್ದರೆ ಪಂಚರ್ ಅಂಗಡಿ ವಿದ್ಯೆ: ಇಂಜಿನ್ ಆಫ್, ಪೂರಾ ತಣ್ಣಗೆ, ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಏರ್ ಪೈಪಿನಿಂದ ಮೆಲ್ಲಗೆ ಗಾಳಿ ಬಿಟ್ಟು, ಮೆನಿಫೋಲ್ಡಿಗೆ ಸೋಪು ನೀರು ಸವರಿ. ಗುಳ್ಳೆ ಬಂದ ಕಡೆ ತೂತು. ಎಷ್ಟೋ ಸಲ ಬಿರುಕೇ ಇರಲ್ಲ, ಬರೀ ಗ್ಯಾಸ್ಕೆಟ್ ಸುಟ್ಟಿರುತ್ತೆ. ಅದನ್ನು ನೋಡದೆ ಮೆನಿಫೋಲ್ಡು ತಂದು ದುಡ್ಡು ಕಳಕೊಂಡವರಿದ್ದಾರೆ.

ಈಗ ವೆಲ್ಡಿಂಗ್ ಮಾತು. ಎಲ್ಲರೂ ಮೊದಲು ಕೇಳೋದೇ ಇದು, ‘ಅಣ್ಣ, ವೆಲ್ಡ್ ಹೊಡೆದರೆ ಆಗಲ್ವಾ?’ ಎರಕದ ಕಬ್ಬಿಣದಲ್ಲಿ ಇಂಗಾಲ ಜಾಸ್ತಿ. ವೆಲ್ಡಿನ ಪಕ್ಕದ ಜಾಗ ಗಾಜಿನ ಹಾಗೆ ಗಡುಸಾಗುತ್ತೆ, ತಣ್ಣಗಾಗುವಾಗ ಪಕ್ಕದಲ್ಲೇ ಹೊಸ ಬಿರುಕು. ಸರಿಯಾಗಿ ಮಾಡಬೇಕಾದರೆ ಪೂರಾ ತುಂಡನ್ನು ಮೊದಲೇ ಕಾಯಿಸಿ, ನಿಕಲ್ ರಾಡಿನಲ್ಲಿ ಸ್ವಲ್ಪ ಸ್ವಲ್ಪವೇ ಹೊಡೆದು, ಬೂದಿಯಲ್ಲೋ ಮರಳಲ್ಲೋ ಹೂತು ನಿಧಾನಕ್ಕೆ ಆರಿಸಬೇಕು. ಆಮೇಲೆ ಲೇತಿನಲ್ಲಿ ಫೇಸಿಂಗ್. ಇಷ್ಟು ಮಾಡೋ ತಾಳ್ಮೆ ಇರೋ ವೆಲ್ಡರ್ ಸಿಕ್ಕರೆ ಕೈ ಮುಗೀರಿ. ಗಾಡಿ ಮೇಲೆ ಇದ್ದ ಹಾಗೇ ರಾಡ್ ಹೊಡೆಯೋದು ಊರು ಸೇರೋಕೆ ಸಾಕು, ಬದುಕೋಕೆ ಸಾಲದು. ಎಂ-ಸೀಲ್ ಮೆತ್ತೋದು ಅಷ್ಟಕ್ಕೂ ಸಾಲದು. ಟರ್ಬೊ ಇರೋ ಗಾಡಿಯಾದರೆ ನನ್ನ ಲೆಕ್ಕದಲ್ಲಿ ಬದಲಾಯಿಸೋದೇ ಸರಿ. ಗುಜರಿಯಿಂದ ಹಳೇದು ತರೋದಾದರೆ ಮಡಕೆ ಕೊಳ್ಳುವಾಗ ತಟ್ಟಿ ನೋಡೋ ಹಾಗೆ ನೇತು ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಇರೋದು ಠಣ್ ಅನ್ನುತ್ತೆ, ಒಡೆದಿರೋದು ಬೊದ್ದಾಗಿ ಕೇಳುತ್ತೆ. ಸೀಮೆಎಣ್ಣೆ ಸವರಿ ಒರೆಸಿ ಚಾಕ್‌ಪೀಸ್ ಪುಡಿ ಉದುರಿಸಿದರೆ ಬಿರುಕು ಒದ್ದೆ ಗೆರೆಯಾಗಿ ಎದ್ದು ಕಾಣುತ್ತೆ.

ಬಿಚ್ಚೋ ಕೆಲಸದಲ್ಲಿ ಅರ್ಧ ಗೆಲುವು ಹಿಂದಿನ ದಿನವೇ. ಸಂಜೆ ಗಾಡಿ ನಿಲ್ಲಿಸಿ, ತಣ್ಣಗಾದ ಮೇಲೆ ಎಲ್ಲಾ ನಟ್ಟಿಗೂ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಮಲಗಿ. ಬೆಳಿಗ್ಗೆ ಬ್ಯಾಟರಿ ನೆಗೆಟಿವ್ ತೆಗೆದು, ಮೊಬೈಲಿನಲ್ಲಿ ಫೋಟೊ ಹಿಡಿದು, ಶುರು ಮಾಡಿ. 2020ರ ಏಪ್ರಿಲ್ ಆದಮೇಲಿನ ಬಿಎಸ್-6 ಗಾಡಿಯಾದರೆ ಸೆನ್ಸರ್ ವೈರುಗಳ ಮೇಲೆ ಜಾಸ್ತಿ ಜಾಗ್ರತೆ. ಹೀಟ್ ಶೀಲ್ಡು, ಇಜಿಆರ್ ಪೈಪು, ಟರ್ಬೊಗೆ ಬರೋ ಆಯಿಲ್ ಪೈಪು, ಹೋಗೋ ಆಯಿಲ್ ಪೈಪು, ಸೈಲೆನ್ಸರ್ ಫ್ಲೇಂಜು, ಒಂದೊಂದಾಗಿ. ಟರ್ಬೊ ಬಿಚ್ಚಿದ ಕೂಡಲೇ ಎಲ್ಲಾ ಬಾಯಿಗೂ ಶುದ್ಧ ಬಟ್ಟೆ ತುರುಕಿ. ಒಳಗಿನ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತೆ, ಒಂದು ವಾಷರ್ ಬಿದ್ದರೂ ಟರ್ಬೊ ಹೋಯ್ತು ಅಂತಲೇ. ಮೆನಿಫೋಲ್ಡ್ ನಟ್ಟುಗಳನ್ನು ಎರಡೂ ತುದಿಯಿಂದ ನಡುವಿಗೆ ಬರೋ ಹಾಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹಟ ಹಿಡಿದ ನಟ್ಟಿಗೆ ಉದ್ದದ ಪೈಪ್ ಹಾಕಿ ನೇತಾಡಬೇಡಿ. ಬಿಗಿ ಮಾಡಿ, ಸಡಿಲ ಮಾಡಿ, ಎಣ್ಣೆ ಬಿಡಿ, ಹಿಂದೆ ಮುಂದೆ ಆಡಿಸಿ. ಆದರೂ ಸ್ಟಡ್ಡು ಮುರಿದರೆ ಹೆದರಬೇಡಿ. ಮೇಲೆ ಚೂರು ಉಳಿದಿದ್ದರೆ ಅದರ ಮೇಲೆ ನಟ್ಟು ವೆಲ್ಡ್ ಮಾಡಿ ತಿರುಗಿಸಿದರೆ ಬಹಳ ಸಲ ಬಂದುಬಿಡುತ್ತೆ. ಒಳಗೇ ಮುರಿದರೆ ಸರಿಯಾಗಿ ನಡುವಿಗೆ ಪಂಚ್ ಹೊಡೆದು ಡ್ರಿಲ್ ಹಾಕಬೇಕು. ಅಲ್ಲಿ ಮಾತ್ರ ಕೈ ಪಳಗಿದವರನ್ನು ಕರೀರಿ, ಡ್ರಿಲ್ ಓರೆಯಾದರೆ ಹೆಡ್ಡೇ ಕೆಡುತ್ತೆ.

ಹೆಡ್ಡಿನ ಮುಖ ಕೆರೆದು ಶುದ್ಧ ಮಾಡಿ. ಹೊಸ ಮೆನಿಫೋಲ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಕೆಳಗೆ ಫಿಲ್ಲರ್ ಗೇಜ್ ನುಗ್ಗಿಸಿ ನೋಡಿ. 0.1 ಮಿಲಿಮೀಟರ್ ತಗಡು ಸಲೀಸಾಗಿ ನುಗ್ಗಿದರೆ ನಾನು ಫೇಸಿಂಗಿಗೆ ಕಳಿಸ್ತೀನಿ. ಗ್ಯಾಸ್ಕೆಟ್ ಹೊಸದು, ಸ್ಟಡ್ಡು ನಟ್ಟು ಹೊಸದು. ಇದರಲ್ಲಿ ಉಳಿಸೋಕೆ ಹೋಗಬೇಡಿ. ಬಿಗಿ ಮಾಡುವಾಗ ನಡುವಿನಿಂದ ತುದಿಗೆ, ಎರಡು ಮೂರು ಸುತ್ತಿನಲ್ಲಿ. ಎಷ್ಟು ಬಿಗಿ ಅನ್ನೋದು ಆ ಗಾಡಿಯ ಪುಸ್ತಕದಲ್ಲಿದೆ. ಉದಾಹರಣೆಗೆ 25 ನ್ಯೂಟನ್ ಮೀಟರ್ ಅಂತ ಇದ್ದರೆ, ಕಾಲು ಮೀಟರ್ ಉದ್ದದ ಸ್ಪ್ಯಾನರ್ ತುದಿಗೆ 10 ಕೆಜಿ ಕಲ್ಲು ತೂಗುಹಾಕಿದಷ್ಟು. ಅಷ್ಟೇ. ನಮ್ಮ ಹುಡುಗರು ತೋಳಿನ ಬಲ ಪೂರ್ತಿ ಹಾಕ್ತಾರೆ, ಬೆಳೆಯೋಕೆ ಜಾಗ ಇಲ್ಲದೆ ಹೊಸದೂ ಒಡೆಯುತ್ತೆ. ಟರ್ಬೊ ಕೂರಿಸಿದ ಮೇಲೆ ಆಯಿಲ್ ಬಾಯಿಗೆ ಸ್ವಲ್ಪ ಶುದ್ಧ ಆಯಿಲ್ ಹಾಕಿ, ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲೇ ಬಿಡಿ, ಎತ್ತಬೇಡಿ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ಪೈಪ್ ಹಿಡಿದು ಕೇಳಿ.

ಇದನ್ನೆಲ್ಲ ಯಾಕೆ ಈ ವೇದಿಕೆಯಲ್ಲಿ ಹೇಳಿದೆ? ಗ್ಯಾರೇಜುಗಳಲ್ಲಿ ನಮ್ಮ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಹೆಸರು ಬೇಡ, ನಾನು ಕಂಡ ಒಂದು ಕಡೆ ನಮ್ಮ ಹುಡುಗ ನಾಲ್ಕು ವರ್ಷ ಡೀಸೆಲ್ಲಲ್ಲಿ ಪಾರ್ಟು ತೊಳೆದ, ಗಾಡಿ ಕೆಳಗೆ ನುಗ್ಗಿದ, ಮಸಿ ಕೆರೆದ. ಟಾರ್ಕ್ ರೆಂಚ್ ಮಾತ್ರ ಅವನ ಕೈಗೆ ಕೊಡಲಿಲ್ಲ. ಅವನಾದ ಮೇಲೆ ಸೇರಿದ ಓನರ್ ನೆಂಟರ ಹುಡುಗನಿಗೆ ಆರೇ ತಿಂಗಳಲ್ಲಿ ಕೊಟ್ಟರು. ಯಾರೂ ಜಾತಿ ಹೆಸರು ಎತ್ತಲಿಲ್ಲ, ಎತ್ತೋ ಅಗತ್ಯವೂ ಇರಲಿಲ್ಲ. ಕೊಳೆ ಒಬ್ಬರಿಗೆ, ಅಳತೆ ಇನ್ನೊಬ್ಬರಿಗೆ, ಅಷ್ಟೇ. ಇತ್ತ ನಮ್ಮ ಗಾಡಿ ಓನರುಗಳಿಗೆ ‘ನಿನಗೆ ಗೊತ್ತಾಗಲ್ಲ ಬಿಡು’ ಅನ್ನೋ ಉತ್ತರ. ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ, ಬಿಲ್ ಇಸ್ಕೊಳ್ಳಿ. ಕೇಳೋಕೆ ಕೆಲಸ ಗೊತ್ತಿರಬೇಕು, ಅದಕ್ಕೇ ಇಷ್ಟು ಹೇಳಿದ್ದು. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಬಾಬಾಸಾಹೇಬರ ಕೈಯಲ್ಲಿದ್ದದ್ದು ಕಾರ್ಮಿಕ ಖಾತೆ. ಕಾರ್ಖಾನೆ ಕೆಲಸಗಾರರ ತಾಂತ್ರಿಕ ತರಬೇತಿಯೂ ಅದರಲ್ಲೇ ಇತ್ತು. ಏಪ್ರಿಲ್ 14ರಂದು ಇದನ್ನೂ ನಾಲ್ಕು ಮಾತು ಹೇಳಬೇಕು ಅಂತ ನನ್ನ ಆಸೆ. ಹತ್ತನೇ ತರಗತಿ ಮುಗಿಸಿದ ತಮ್ಮಂದಿರಿಗೆ ಐಟಿಐಯಲ್ಲಿ ‘ಮೆಕ್ಯಾನಿಕ್ ಡೀಸೆಲ್’ ಅಂತ ಒಂದು ವರ್ಷದ ಟ್ರೇಡ್ ಇದೆ, ವಿಚಾರಿಸಿ.

ಸಂಘಕ್ಕೆ ನನ್ನ ಬೇಡಿಕೆ ಒಂದೇ. ಈ ವರ್ಷ ಬ್ಯಾನರಿಗೂ ಸೌಂಡ್ ಸೆಟ್ಟಿಗೂ ಆಗೋ ಖರ್ಚಲ್ಲಿ ಸ್ವಲ್ಪ ಉಳಿಸಿ ಒಂದು ಟಾರ್ಕ್ ರೆಂಚ್, ಒಂದು ಫಿಲ್ಲರ್ ಗೇಜ್, ಒಂದು ಸ್ಟೀಲ್ ಪಟ್ಟಿ, ಮುರಿದ ಸ್ಟಡ್ಡು ತೆಗೆಯೋ ಸೆಟ್ಟು ತಗೊಂಡು ಸಂಘದ ರೂಮಿನಲ್ಲಿ ಇಡಿ. ಬಾಬಾಸಾಹೇಬರ ಸಂಪುಟಗಳಿರೋ ಬೀರುವಿನಲ್ಲೇ ಜಾಗ ಇದೆ, ನಾನು ನೋಡಿದ್ದೀನಿ. ರಿಜಿಸ್ಟರಿನಲ್ಲಿ ಬರೆದು ಯಾರು ಬೇಕಾದರೂ ಒಯ್ಯಲಿ, ವಾಪಸ್ ತಂದಿಡಲಿ. ಗಾಡಿ ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಕಾಲೇಜು ಓದೋ ತಂಗಿಯರು ಓದಿ ಹೇಳಲಿ. ಕನ್ನಡವೋ ತಮಿಳೋ, ಬಾಯಿಗೆ ಬಂದದ್ದು.

ಮುಂದಿನ ಭಾನುವಾರ ಬೆಳಿಗ್ಗೆ 7ಕ್ಕೆ ನೀರಿನ ಟ್ಯಾಂಕ್ ಹತ್ತಿರ ಒಂದು ಗಾಡಿಯ ಮೆನಿಫೋಲ್ಡು ಬಿಚ್ಚೋದಿದೆ. ಗಾಡಿಯವರು ಒಪ್ಪಿದ್ದಾರೆ, ಪಾರ್ಟ್ ತಂದಿಟ್ಟಿದ್ದಾರೆ. ಕಲೀಬೇಕು ಅನ್ನೋರು ಹಳೇ ಬಟ್ಟೆಯಲ್ಲಿ ಬನ್ನಿ, ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಗಾಡಿಯನ್ನು ಶನಿವಾರ ಸಂಜೆಯೇ ತಂದು ನಿಲ್ಲಿಸಿರಬೇಕು, ಬೆಳಿಗ್ಗೆ ಯಾರೂ ಸ್ಟಾರ್ಟ್ ಮಾಡಬಾರದು. ಜೈ ಭೀಮ್.