ಲ್ಯಾಬಿನಲ್ಲಿ ಗಣಿತ ನಡೆಯಲಿ



ಗಣಿತ ಅಧ್ಯಾಪಕರ ಈ ಸಮಾವೇಶದಲ್ಲಿ ನನ್ನ ಪಾಲಿನ ಸಮಯವನ್ನು ಒಂದೇ ವಿಷಯಕ್ಕೆ ಮೀಸಲಿಡುತ್ತೇನೆ.

ಬಿ.ಎಸ್‌ಸಿ. ಗಣಿತಕ್ಕೆ ಕಂಪ್ಯೂಟರ್ ಪ್ರಾಯೋಗಿಕ ತರಗತಿ ಬಂದು ವರ್ಷಗಳೇ ಆದವು. ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್ ಎಲ್ಲವೂ ದುಡ್ಡಿಲ್ಲದೆ ಸಿಗುತ್ತವೆ. ಆದರೆ ಬಹಳ ಕಡೆ ಬೋರ್ಡಿನ ಪ್ರೋಗ್ರಾಂ ರೆಕಾರ್ಡಿಗೆ ಇಳಿಯುತ್ತದೆ, ರೆಕಾರ್ಡಿನದು ಪರದೆಗೆ ಏರುತ್ತದೆ, ಉತ್ತರ ಬರುತ್ತದೆ, ಸಹಿ ಬೀಳುತ್ತದೆ. ಅಲ್ಲಿ ಟೈಪಿಂಗ್ ನಡೆಯಿತು, ಗಣಿತ ನಡೆಯಲಿಲ್ಲ. ಇದು ನನಗೆ ನೋವಿನ ಸಂಗತಿ.

ಲ್ಯಾಬಿನಲ್ಲಿ ಗಣಿತ ಹೇಗೆ ನಡೆಯಬಹುದು ಎನ್ನುವುದಕ್ಕೆ ಕೇರಳದ ಗಣಿತಜ್ಞ ಸಂಗಮಗ್ರಾಮದ ಮಾಧವನ ಶ್ರೇಢಿಯನ್ನೇ ತೆಗೆದುಕೊಳ್ಳಿ. ಒಂದರಿಂದ ಮೂರನೇ ಒಂದು ಕಳೆದು, ಐದನೇ ಒಂದು ಕೂಡಿ, ಏಳನೇ ಒಂದು ಕಳೆದು ಹೀಗೇ ಸಾಗಿದರೆ ಪೈಯ ಕಾಲು ಭಾಗ. ನಾಲ್ಕೈದು ಸಾಲಿನ ಲೂಪ್ ಸಾಕು. 1000 ಪದ ಕೂಡಿಸಿ ನಾಲ್ಕರಿಂದ ಗುಣಿಸಿದರೆ 3.1405 ಬರುತ್ತದೆ, ಮೂರನೇ ದಶಮಾಂಶವೇ ತಪ್ಪು. "ಇನ್ನಷ್ಟು ಪದ ಹಾಕಲಾ ಸರ್?" ಎಂದು ಹುಡುಗ ಕೇಳುತ್ತಾನೆ. ಆಗ ಅವನನ್ನು ತಡೆದು, ಬಿಟ್ಟುಹೋದ ಬಾಲದ ಬೆಲೆ ಎಷ್ಟಿದ್ದೀತು ಎಂದು ಕೇಳಬೇಕು. ಕೇರಳದ ಗಣಿತಜ್ಞರು ಕೇಳಿದ್ದೂ ಅದನ್ನೇ. ಪದಗಳ ಸಂಖ್ಯೆಯ ವರ್ಗವನ್ನು ನಾಲ್ಕರಿಂದ ಗುಣಿಸಿ, ಒಂದು ಕೂಡಿಸಿ, ಬಂದದ್ದರಿಂದ ಆ ಸಂಖ್ಯೆಯನ್ನು ಭಾಗಿಸಿ ಎಂದರು. 10 ಪದ ಕೂಡಿಸಿ 10/401 ಸೇರಿಸಿ, ನಾಲ್ಕರಿಂದ ಗುಣಿಸಿ ನೋಡಿ: 3.14159. ಯಂತ್ರದ ಸಾವಿರ ಸುತ್ತು ಕೊಡದ್ದನ್ನು ಹತ್ತು ಪದ ಮತ್ತು ಒಂದು ಯೋಚನೆ ಕೊಟ್ಟವು. ತನ್ನ ಕೈಯಾರೆ ಲೂಪ್ ಬರೆದವನಿಗೆ ಆ ಯೋಚನೆಯ ಬೆಲೆ ತಿಳಿದಷ್ಟು ಸೂತ್ರ ಬಾಯಿಪಾಠ ಮಾಡಿದವನಿಗೆ ತಿಳಿಯುವುದಿಲ್ಲ.

ಯಂತ್ರದ ಬಲವೂ ಸಣ್ಣದಲ್ಲ. ಐದನೇ ಘಾತವೊಂದನ್ನು ಐದನೇ ಘಾತಗಳ ಮೊತ್ತವಾಗಿ ಬರೆಯಲು ಕನಿಷ್ಠ ಐದಾದರೂ ಬೇಕು ಎಂದು ಆಯ್ಲರ್ ಊಹಿಸಿದ್ದ. 1966ರಲ್ಲಿ ಲ್ಯಾಂಡರ್ ಮತ್ತು ಪಾರ್ಕಿನ್ ಕಂಪ್ಯೂಟರಿನಲ್ಲಿ ಹುಡುಕಿ, 27, 84, 110, 133 ಈ ನಾಲ್ಕರ ಐದನೇ ಘಾತಗಳ ಮೊತ್ತ 144ರ ಐದನೇ ಘಾತ ಎಂದು ತೋರಿಸಿದರು. ಅವರ ಲೇಖನ ಎರಡೇ ವಾಕ್ಯದ್ದು. ಇಂದು ನಮ್ಮ ಲ್ಯಾಬಿನ ಹಳೆಯ ಯಂತ್ರದಲ್ಲೂ ಎರಡನೇ ವರ್ಷದ ಹುಡುಗಿ ಇದನ್ನು ಹುಡುಕಿ ತೆಗೆಯಬಲ್ಲಳು.

ಅದೇ ಹುಡುಗಿ ಒಂದು, ಅರ್ಧ, ಮೂರನೇ ಒಂದು, ಕಾಲು ಎಂದು ಕೂಡಿಸುತ್ತ ಹೋಗಲಿ. ಹತ್ತು ಲಕ್ಷ ಪದಗಳಾದರೂ ಮೊತ್ತ 14.4 ಮುಟ್ಟುವುದಿಲ್ಲ. ನಿಂತೇಹೋಯಿತು ಎಂದು ಪರದೆ ನಂಬಿಸುತ್ತದೆ. ಈ ಮೊತ್ತಕ್ಕೆ ಮಿತಿಯೇ ಇಲ್ಲವೆಂದು ಗಣಿತಜ್ಞ ಒರೆಮ್ ಹದಿನಾಲ್ಕನೇ ಶತಮಾನದಲ್ಲೇ ಪದಗಳನ್ನು ಗುಂಪು ಮಾಡಿ ಸಾಧಿಸಿದ್ದ. ಸಾಧನೆ ಯಾಕೆ ಬೇಕು ಎಂಬ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಇದು, ಮತ್ತು ಅದನ್ನು ಕಲಿಸುವುದು ಲ್ಯಾಬು.

ಹಳ್ಳಿಯಿಂದ ಬಂದ ಮಕ್ಕಳಿಗೆ ಪ್ರೋಗ್ರಾಮಿನ ಇಂಗ್ಲಿಷ್ ಅಡ್ಡಿಯಾಗುತ್ತದೆ ಎನ್ನುತ್ತಾರೆ. ಆಜ್ಞೆಗಳ ಇಂಗ್ಲಿಷ್ ಬೆರಳೆಣಿಕೆಯಷ್ಟು. ಹಂತಗಳನ್ನು ಮೊದಲು ಹಾಳೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಮಾಧವನ ಶ್ರೇಢಿಯನ್ನು ಸಾಧನೆಸಹಿತ ವಿವರಿಸಿದ ಜ್ಯೇಷ್ಠದೇವನ ‘ಯುಕ್ತಿಭಾಷಾ’ ಮಲಯಾಳಂನಲ್ಲೇ ಇದೆ. ಆಡುವ ಭಾಷೆಯಲ್ಲಿ ಕಠಿಣ ಗಣಿತ ನಿಲ್ಲದು ಎನ್ನುವ ಮಾತಿಗೆ ಆಧಾರವಿಲ್ಲ.

ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುವ ಕೃತಕ ಬುದ್ಧಿಮತ್ತೆ ಈಗ ಮೊಬೈಲಿಗೇ ಬಂದಿದೆ. ಆದ್ದರಿಂದ ಪರೀಕ್ಷೆಯ ಪ್ರಶ್ನೆಯೇ ಬದಲಾಗಬೇಕು. ಪ್ರೋಗ್ರಾಂ ಓಡಿಸುವ ಮೊದಲು ಉತ್ತರ ಎಷ್ಟಿರಬಹುದೆಂದು ವಿದ್ಯಾರ್ಥಿ ಕಾರಣಸಹಿತ ಬರೆಯಲಿ. ಓಡಿಸಿದ ಮೇಲೆ ವ್ಯತ್ಯಾಸ ಬಂದರೆ ಏಕೆಂದು ವಿವರಿಸಲಿ. ಅರ್ಧದಷ್ಟು ಅಂಕಗಳು ಇದಕ್ಕೇ ಇರಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರತಿಯೊಬ್ಬರೂ ಇಂಥ ಒಂದು ಪ್ರಶ್ನೆಯನ್ನಾದರೂ ಬರೆದುಕೊಡಬೇಕೆಂದು ಕೋರುತ್ತೇನೆ. ಅವನ್ನು ಒಟ್ಟು ಮಾಡಿ, ನಮ್ಮೆಲ್ಲರ ಸಹಿಯೊಂದಿಗೆ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಿಗೆ ಕಳಿಸೋಣ.