ಗೇಟಿನ ಮುಂದೆ ಮೀನಿನ ಬುಟ್ಟಿ

(ಕರಾವಳಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಮೀನು ಮಾರುವ ಸದಸ್ಯೆಯರ ಪರವಾಗಿ ಆಡಿದ ಮಾತುಗಳ ಬರಹ ರೂಪ)



ಮೈಕಿನ ಮುಂದೆ ನಿಂತು ಮಾತಾಡಿ ನಮಗೆ ಅಭ್ಯಾಸ ಇಲ್ಲ. ಬುಟ್ಟಿ ತಲೆಯ ಮೇಲಿಟ್ಟು ಓಣಿಯಲ್ಲಿ ಕೂಗಿ ಅಭ್ಯಾಸ. ಆದ್ದರಿಂದ ಮಾತು ಸ್ವಲ್ಪ ಜೋರಾದರೆ ಬೇಸರ ಮಾಡಬೇಡಿ. ನಾವು ಇಲ್ಲಿ ಭಾಷಣ ಮಾಡಲು ಬಂದವರಲ್ಲ. ನಮ್ಮ ಸಂಘದಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡಲು ಬಂದಿದ್ದೇವೆ. ನಿಮ್ಮ ಊರಿನಲ್ಲೂ ಇದೇ ಕಷ್ಟ ಇದ್ದರೆ ಪ್ರಯೋಜನ ಆಗಬಹುದು.

ಉಳ್ಳಾಲದಿಂದ ಸುರತ್ಕಲ್‌ವರೆಗೆ ಕಡಲ ಬದಿಯಲ್ಲಿ ಒಮ್ಮೆ ನಡೆದು ನೋಡಿ. ತೆಂಗಿನ ತೋಟ, ಹಂಚಿನ ಮನೆ ಇದ್ದ ಎಷ್ಟೋ ಜಾಗಗಳಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟುಗಳು ನಿಂತಿವೆ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ರಂಪಣಿ ಬಲೆ ದಡಕ್ಕೇ ಮೀನು ಎಳೆದು ತರುತ್ತಿತ್ತು. ಹೆಂಗಸರು ಮರಳಿನ ಮೇಲೆಯೇ ಮೀನು ಪಾಲು ಮಾಡಿಕೊಂಡು ಮನೆಮನೆಗೆ ಹೊರಟುಬಿಡುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮೂಲೆ ಸೇರಿತು. ಮೀನು ದಡಕ್ಕೆ ಬರುವ ಬದಲು ಧಕ್ಕೆಗೆ ಹೋಯಿತು. ಅಲ್ಲಿಂದ ನಾವು ಏಲಂನಲ್ಲಿ ದುಡ್ಡು ಕೊಟ್ಟು ಮೀನು ಕೊಳ್ಳುವವರಾದೆವು. ಮೀನು ಒಣಗಿಸುತ್ತಿದ್ದ ಮರಳಿನ ಜಾಗದಲ್ಲಿ ಈಗ ಹುಲ್ಲಿನ ತೋಟ, ಮಕ್ಕಳ ಜಾರುಬಂಡಿ.

ಹಾಗಂತ ಅಪಾರ್ಟ್‌ಮೆಂಟಿನವರು ನಮ್ಮ ವೈರಿಗಳು ಎಂದು ಹೇಳಲು ನಾವು ಬಂದಿಲ್ಲ. ನಮ್ಮ ಸಂಘದ ನಾಲ್ವರು ಅಲ್ಲಿ ಮನೆಗೆಲಸಕ್ಕೆ ಹೋಗುತ್ತಾರೆ. ಒಬ್ಬಳ ಗಂಡ ಅಲ್ಲಿಯೇ ವಾಚ್‌ಮ್ಯಾನ್. ಒಳಗೆ ಇರುವವರು ಯಾರು? ಗಲ್ಫಿನಲ್ಲಿ ದುಡಿದು ಬಂದವರು, ಬ್ಯಾಂಕಿನಿಂದ ನಿವೃತ್ತರಾದವರು, ಬೆಂಗಳೂರಿನಿಂದ ರಜೆಗೆ ಮಾತ್ರ ಬರುವವರು, ಮಕ್ಕಳೆಲ್ಲ ಪರದೇಶದಲ್ಲಿದ್ದು ಒಬ್ಬರೇ ಉಳಿದ ತಾಯಂದಿರು. ಬೆಳಿಗ್ಗೆ ಕಡಲ ಬದಿಯಲ್ಲಿ ವಾಕಿಂಗ್, ಸಂಜೆ ಬಾಲ್ಕನಿಯಲ್ಲಿ ಚಹಾ. ಆದಿತ್ಯವಾರ ಕೆಲವು ಗಂಡಸರು ಗಾಳ ಹಿಡಿದುಕೊಂಡು ಕಲ್ಲಿನ ದಂಡೆಗೆ ಹೋಗುತ್ತಾರೆ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತು ಎರಡು ಕಾಣೆ ಸಿಕ್ಕಿದರೆ ಹಬ್ಬ. ಏನೂ ಸಿಗದಿದ್ದರೆ ವಾಪಸ್ ಬರುವಾಗ ನಮ್ಮ ಹತ್ತಿರವೇ ಬಂಗುಡೆ ಕೊಂಡು ಹೋಗುತ್ತಾರೆ. ನಾವೂ ನಗುತ್ತೇವೆ, ಅವರೂ ನಗುತ್ತಾರೆ.

ಈ ಸಂಬಂಧ ಕಡಿದುಹೋದದ್ದು 2020ರಲ್ಲಿ. ಲಾಕ್‌ಡೌನ್ ಬಂತು, ಗೇಟು ಮುಚ್ಚಿತು. ಅದು ಸರಿಯೇ, ಎಲ್ಲ ಕಡೆ ಮುಚ್ಚಿತ್ತು. ಆದರೆ ರೋಗ ಇಳಿದು ಹಾಲಿನವನು ಒಳಗೆ ಹೋದ, ಪೇಪರಿನವನು ಹೋದ, ಕೊರಿಯರ್‌ನವನು ಹೋದ. ನಮಗೆ ಮಾತ್ರ ಗೇಟು ತೆರೆಯಲಿಲ್ಲ. ‘ಮೀನು ಮಾರುವವರಿಗೆ ಪ್ರವೇಶ ಇಲ್ಲ’ ಎಂದು ಬೋರ್ಡೇ ಬಂತು. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಕತ್ತರಿಸಿದ ಮೀನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಾಗಿಲಿಗೇ ಬರುತ್ತದೆ, ಮತ್ತೆ ನಾವು ಯಾಕೆ ಬೇಕು?

ಇದರಿಂದ ನಮಗೆ ಏನಾಯಿತು ಎಂಬುದಕ್ಕೆ ನಮ್ಮ ಒಬ್ಬ ಸದಸ್ಯೆಯ ಒಂದು ದಿನದ ಲೆಕ್ಕ ಹೇಳುತ್ತೇವೆ. ಕಿಲೋಗೆ 160 ರೂಪಾಯಿಯಂತೆ 15 ಕಿಲೋ ಬಂಗುಡೆ, 2,400 ರೂಪಾಯಿ. ರಿಕ್ಷಾ, ಐಸು ಸೇರಿ ಇನ್ನೂ 200. ಒಟ್ಟು 2,600. ಗೇಟು ತೆರೆದಿದ್ದಾಗ ಕಿಲೋಗೆ 220ರಂತೆ ಎಲ್ಲವೂ ಮಾರಿಹೋಗಿ 3,300 ಕೈಗೆ ಬರುತ್ತಿತ್ತು. ಉಳಿತಾಯ 700. ಗೇಟು ಮುಚ್ಚಿದ ಮೇಲೆ ರಸ್ತೆ ಬದಿಯಲ್ಲಿ 9 ಕಿಲೋ ಹೋಯಿತು. ಉಳಿದ 6 ಕಿಲೋವನ್ನು ಸಂಜೆ 60ರಂತೆ ಕೊಟ್ಟುಬಿಟ್ಟಳು. ಕೈಗೆ ಬಂದದ್ದು 2,340. ದಿನವಿಡೀ ದುಡಿದು 260 ರೂಪಾಯಿ ನಷ್ಟ!

ಅಷ್ಟೇ ಅಲ್ಲ. ಆಕೆಯ ಬಂಡವಾಳ ಸ್ವಂತದ್ದಲ್ಲ. ಬೆಳಿಗ್ಗೆ 2,700 ಕೊಟ್ಟು ಸಂಜೆ 3,000 ಎಣಿಸಿಕೊಳ್ಳುವವನ ಸಾಲ. ಅಂದರೆ ಆ ದಿನದ ನಷ್ಟ 560. ಈ ಲೆಕ್ಕ ಸಂಘದ ಸಭೆಯಲ್ಲಿ ಚೀಟಿಯ ಮೇಲೆ ಬರೆದಾಗ ನಮಗೆ ಇನ್ನೊಂದು ವಿಷಯವೂ ಕಂಡಿತು. ಗೇಟು ತೆರೆದಿದ್ದ ಒಳ್ಳೆಯ ದಿನದಲ್ಲಿಯೂ 700ರಲ್ಲಿ 300 ಸಾಲ ಕೊಟ್ಟವನಿಗೇ ಹೋಗುತ್ತಿತ್ತು. ಆಕೆ ಮೂರು ವಾರ ಉಳಿತಾಯದ ಹಣ ಕಟ್ಟದೆ, ನಾಚಿಕೆಯಿಂದ ಸಭೆಗೇ ಬಂದಿರಲಿಲ್ಲ. ನಾವು ಪುಸ್ತಕದಲ್ಲಿ ‘ಗೈರುಹಾಜರಿ’ ಎಂದು ಬರೆದು ಸುಮ್ಮನಿದ್ದೆವು. ಇದು ನಮ್ಮದೇ ತಪ್ಪು. ಬಾರದ ಸದಸ್ಯೆಯ ಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ಕೇಳುವುದಕ್ಕಲ್ಲವೇ ಸಂಘ ಇರುವುದು?

ಮೊದಲು ಸಂಘದ ಸಾಲ ಕೊಟ್ಟೆವು, 5,000 ರೂಪಾಯಿ. ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ, ಅಂದರೆ 50 ರೂಪಾಯಿ. ದಿನಕ್ಕೆ 300 ಎಲ್ಲಿ, ತಿಂಗಳಿಗೆ 50 ಎಲ್ಲಿ! ಆಮೇಲೆ ಗೇಟಿನ ವಿಷಯಕ್ಕೆ ಬಂದೆವು.

ಮೊದಲಿಗೆ ಎಲ್ಲರಿಗೂ ಸಿಟ್ಟು. ‘ಗೇಟಿನ ಮುಂದೆಯೇ ಕೂತುಬಿಡುವ’ ಎಂದರು ಕೆಲವರು. ಆಗ ಅಲ್ಲಿ ಮನೆಗೆಲಸ ಮಾಡುವ ಸದಸ್ಯೆ ಎದ್ದು ನಿಂತು, “ಒಂದು ಮಾತು ಹೇಳುತ್ತೇನೆ, ಕೋಪ ಮಾಡಬೇಡಿ. ಲಿಫ್ಟಿನಲ್ಲಿ ಬಿದ್ದ ಮೀನಿನ ನೀರು ಒರೆಸುವವಳು ನಾನು” ಎಂದಳು. ಸಭೆ ಮೌನವಾಯಿತು. ಅಂದು ನಾವು ನಮ್ಮ ತಪ್ಪುಗಳನ್ನೇ ಪಟ್ಟಿ ಮಾಡಿದೆವು. ಬುಟ್ಟಿಯ ನೀರು ಮೆಟ್ಟಿಲ ಮೇಲೆ ಬೀಳುತ್ತದೆ. ಮೀನು ಕೊಯ್ದ ಕಸವನ್ನು ಅಲ್ಲಿಯೇ ಮೂಲೆಗೆ ಹಾಕುತ್ತೇವೆ, ನಾಯಿ ಬೆಕ್ಕು ಬರುತ್ತವೆ. ತಕ್ಕಡಿಗೆ ಮುದ್ರೆ ಇಲ್ಲ. ಒಬ್ಬರಿಗೆ ಒಂದು ರೇಟು, ಇನ್ನೊಬ್ಬರಿಗೆ ಇನ್ನೊಂದು ರೇಟು. ನಿನ್ನೆಯ ಮೀನನ್ನೂ ಒಮ್ಮೊಮ್ಮೆ ಇವತ್ತಿನದೆಂದು ಕೊಟ್ಟದ್ದುಂಟು. ಬಾಯಿ ಬಿಟ್ಟು ಹೇಳಲು ಕಷ್ಟವೇ. ಆದರೆ ಹೇಳಿದ ಮೇಲೆ ಹಗುರವಾಯಿತು.

ಅಪಾರ್ಟ್‌ಮೆಂಟಿನಲ್ಲಿಯೂ ಮನೆ ಮಾಲೀಕರ ಒಂದು ಸಂಘ ಇರುತ್ತದೆ. ಅವರಿಗೂ ಅಧ್ಯಕ್ಷರು, ಕಾರ್ಯದರ್ಶಿ, ನಡಾವಳಿ ಪುಸ್ತಕ ಎಲ್ಲ ಉಂಟು, ನಮ್ಮ ಹಾಗೆಯೇ. ಹಾಗಾದರೆ ವಾಚ್‌ಮ್ಯಾನ್ ಹತ್ತಿರ ಜಗಳ ಮಾಡಿ ಏನು ಪ್ರಯೋಜನ? ಅವನಿಗೆ ಅವನ ಕೆಲಸ. ಸಂಘಕ್ಕೆ ಸಂಘವೇ ಪತ್ರ ಬರೆಯಬೇಕು. ಠರಾವು ಮಾಡಿ, ಸಂಘದ ಮೊಹರು ಹಾಕಿ ಪತ್ರ ಕೊಟ್ಟೆವು. ನಾಲ್ವರು ಹೋಗಿ ಮಾತಾಡಿದೆವು.

ಅವರು ಕೂರಿಸಿ ಮಾತಾಡಿದರು, ಆದರೆ ಒಪ್ಪಲಿಲ್ಲ. ವಾಸನೆ, ಸೆಕ್ಯುರಿಟಿ, ಕಸ ಎಂದರು. ಅಷ್ಟರಲ್ಲಿ ಮೂರನೇ ಮಾಳಿಗೆಯ ವಯಸ್ಸಾದ ಅಮ್ಮ ಒಬ್ಬರು, ಮಕ್ಕಳು ಮಸ್ಕತ್‌ನಲ್ಲಿರುವವರು, ಹಿಂದಿನ ಕುರ್ಚಿಯಿಂದ ಮಾತಾಡಿದರು. “ಪೆಟ್ಟಿಗೆಯಲ್ಲಿ ಬರುವ ಮೀನಿಗೆ ತಲೆಯೇ ಇಲ್ಲ. ಕಣ್ಣು ಕಿವಿರು ನೋಡದೆ ನಾನು ಮೀನು ಕೊಳ್ಳುವುದು ಹೇಗೆ? ಇವರು ಬಂದರೆ ಬೂತಾಯಿಯೂ ಬರುತ್ತದೆ, ಎರಡು ಮಾತೂ ಬರುತ್ತದೆ. ಈಗ ಎರಡೂ ಇಲ್ಲ.” ಆ ಅಮ್ಮನಿಗೆ ನಾವು ಹೇಳಿಕೊಟ್ಟಿರಲಿಲ್ಲ. ಅವರು ಅಲ್ಲಿಗೆ ಬರುವುದೇ ನಮಗೆ ಗೊತ್ತಿರಲಿಲ್ಲ.

ಕೊನೆಗೆ ಒಂದು ತಿಂಗಳು ನೋಡುವ ಎಂದು ಒಪ್ಪಂದವಾಯಿತು. ಬೆಳಿಗ್ಗೆ 8ರಿಂದ 9.30ರವರೆಗೆ ಬದಿಯ ಗೇಟಿನ ನೆರಳಲ್ಲಿ ಕೂರುವುದು. ಲಿಫ್ಟು, ಮೆಟ್ಟಿಲು ಬೇಡ. ಬುಟ್ಟಿಯ ಬದಲು ಮುಚ್ಚಳ ಇರುವ ಪೆಟ್ಟಿಗೆ. ಕಸ ನಾವೇ ವಾಪಸ್ ಕೊಂಡುಹೋಗುವುದು. ಮುದ್ರೆ ಹಾಕಿಸಿದ ತಕ್ಕಡಿ. ದಿನದ ರೇಟು ಸ್ಲೇಟಿನಲ್ಲಿ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಬೇಕಾದ್ದು ತಿಳಿಸಿದರೆ ಅಷ್ಟೇ ಮೀನು ತರುವುದು. ಒಂದು ತಿಂಗಳು ಕಳೆಯಿತು, ಬೇಡ ಎಂದು ಯಾರೂ ಹೇಳಲಿಲ್ಲ. ಬೋರ್ಡು ತೆಗೆದರು. ನಿಜ ಹೇಳಬೇಕೆಂದರೆ ಪಕ್ಕದ ಇನ್ನೊಂದು ಅಪಾರ್ಟ್‌ಮೆಂಟಿನ ಗೇಟು ಇವತ್ತಿಗೂ ಮುಚ್ಚಿಯೇ ಉಂಟು. ಅಲ್ಲಿಗೂ ಪತ್ರ ಕೊಟ್ಟಿದ್ದೇವೆ.

ಕಾನೂನಿನ ವಿಷಯ ಎರಡು ಮಾತು. ಕಾಂಪೌಂಡಿನ ಒಳಗಿನ ವ್ಯವಸ್ಥೆ ಅವರ ಸಂಘದ ತೀರ್ಮಾನ, ಅಲ್ಲಿ ಮಾತುಕತೆಯೇ ದಾರಿ. ಆದರೆ ಹೊರಗಿನ ರಸ್ತೆ ಸಾರ್ವಜನಿಕರದ್ದು. ನಗರ ವ್ಯಾಪ್ತಿಯಲ್ಲಿ ಮಾರುವವರಿಗೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ. ತಲೆಹೊರೆಯಲ್ಲಿ ತಿರುಗಿ ಮಾರುವವರೂ ಅದರಲ್ಲಿ ಸೇರುತ್ತಾರೆ. ಸಮೀಕ್ಷೆಯಲ್ಲಿ ಹೆಸರು ಬರೆಸಿ ವ್ಯಾಪಾರದ ಪ್ರಮಾಣಪತ್ರ ಪಡೆಯಬೇಕು. ಸ್ಥಳ ಬದಲಾಯಿಸುವುದಾದರೆ 30 ದಿನ ಮೊದಲು ನೋಟೀಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಮ್ಮ ಹಳ್ಳಿಗಳ ಸದಸ್ಯೆಯರು ಪಂಚಾಯತಿಗೆ ಅರ್ಜಿ ಕೊಡಿ. ಯಾವುದೇ ಅರ್ಜಿ ಕೊಟ್ಟರೂ ಪ್ರತಿಗೆ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ.

ಇನ್ನು ಮೀನಿನ ವಿಷಯ. ನಮಗೆ ಹೇಳಿಕೊಡಬೇಕೇ ಎನ್ನಬೇಡಿ, ನಮಗೂ ಗೊತ್ತಿಲ್ಲದ್ದು ಇತ್ತು. ಬಂಗುಡೆ, ಬೂತಾಯಿ ಬಿಸಿಲಲ್ಲಿ ಇದ್ದರೆ ಒಳಗೆ ಒಂದು ವಿಷ ಹುಟ್ಟುತ್ತದೆ. ಹಿಸ್ಟಮೀನ್ ಎಂದು ಅದರ ಹೆಸರು. ತಿಂದವರಿಗೆ ಮೈ ಕೆಂಪಾಗಿ ತುರಿಕೆ, ತಲೆನೋವು, ವಾಂತಿ ಬರಬಹುದು. ಕುದಿಸಿದರೂ, ಹುರಿದರೂ ಆ ವಿಷ ಹೋಗುವುದಿಲ್ಲ. ಅದಕ್ಕೆ ಐಸು ಒಂದೇ ಮದ್ದು, ಅದೂ ಧಕ್ಕೆಯಿಂದಲೇ ಹಾಕಬೇಕು. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಎಂದು ಲೆಕ್ಕ ಇಟ್ಟುಕೊಳ್ಳಿ. ಐಸಿಗೆ ಕೊಡುವ ದುಡ್ಡು ದಂಡವಲ್ಲ. ಸಂಜೆ 60 ರೂಪಾಯಿಗೆ ಕೊಡಬೇಕಾದ ಮೀನನ್ನು ಉಳಿಸುವುದು ಅದೇ.

ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಆಗ ಸಿಗುವುದು ನಾಡದೋಣಿಯ ಸ್ವಲ್ಪ ಮೀನು. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆ ಕಡೆಯ ಮೀನು ಐಸಿನಲ್ಲಿ ಲಾರಿಯಲ್ಲಿ ಬರುತ್ತದೆ. ಗಿರಾಕಿಗಳು ‘ಫ್ರೆಶ್ಶಾ?’ ಎಂದು ಕೇಳುತ್ತಾರೆ. ‘ಇದು ನಾಡದೋಣಿಯದ್ದು, ಇದು ಲಾರಿಯದ್ದು’ ಎಂದು ನಾವು ಸ್ಲೇಟಿನಲ್ಲೇ ಬರೆಯುತ್ತೇವೆ. ಮೊದಲ ವಾರ ವ್ಯಾಪಾರ ಕಮ್ಮಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅದೇ ಕಾರಣಕ್ಕೆ ಹೊಸ ಗಿರಾಕಿಗಳು ಬಂದರು. ಈ ಎರಡು ತಿಂಗಳಿಗಾಗಿ ಆಗಸ್ಟಿನಿಂದಲೇ ವಾರಕ್ಕೆ ಇಷ್ಟು ಎಂದು ಬೇರೆ ಉಳಿತಾಯ ಮಾಡುತ್ತೇವೆ. ಮಳೆಗಾಲದ ಸಾಲ ತೀರಿಸಲು ಇಡೀ ವರ್ಷ ದುಡಿಯುವ ಬದಲು, ವರ್ಷ ಇಡೀ ಸ್ವಲ್ಪ ಸ್ವಲ್ಪ ಇಟ್ಟು ಮಳೆಗಾಲ ಉಣ್ಣುವುದು ಲೇಸು.

ಸಹೋದರಿಯರೇ, ನಮಗೆ ಇದರಿಂದ ತಿಳಿದದ್ದು ಇಷ್ಟೆ. ಒಬ್ಬಳೇ ಬುಟ್ಟಿ ಹಿಡಿದು ನಿಂತಾಗ ಆಕೆ ‘ಮೀನಿನವಳು’. ನಾಲ್ವರು ಪತ್ರ ಹಿಡಿದು ನಿಂತಾಗ ಅವರು ಒಂದು ಸಂಘ. ಆದರೆ ಪತ್ರ ಹಿಡಿಯುವ ಕೈ ಮೊದಲು ಶುದ್ಧ ಇರಬೇಕು. ನಮ್ಮ ತಪ್ಪನ್ನು ನಾವೇ ಮೊದಲು ಹೇಳಿಕೊಂಡದ್ದರಿಂದ ಅವರ ಮುಂದೆ ತಲೆ ಎತ್ತಿ ಮಾತಾಡಲು ಧೈರ್ಯ ಬಂತು.

ಮುಂದಿನ ವಾರದ ಸಭೆಯಲ್ಲಿ ನಿಮ್ಮ ಸಂಘದಲ್ಲಿ ಈ ಮೂರು ಪ್ರಶ್ನೆ ಕೇಳಿ. ಈ ತಿಂಗಳು ಸಭೆಗೆ ಬಾರದವರು ಯಾರು, ಯಾಕೆ? ದಿನದ ಬಡ್ಡಿಗೆ ಸಾಲ ತರುವವರು ನಮ್ಮಲ್ಲಿ ಎಷ್ಟು ಮಂದಿ? ನಮಗೆ ಮುಚ್ಚಿರುವ ಗೇಟು ಯಾವುದು, ಅಲ್ಲಿಗೆ ನಾವು ಪತ್ರ ಬರೆದಿದ್ದೇವೆಯೇ?

ಅಂದು ಸಭೆಗೆ ಬಾರದಿದ್ದ ಆ ಸದಸ್ಯೆ ಇವತ್ತು ಇಲ್ಲಿ ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಸಂಘದ ಸಾಲ ತೀರಿಸಿದ್ದಾಳೆ. ಬೆಳಿಗ್ಗೆ 15 ಕಿಲೋ ಮಾರಿಯೇ ಬಂದದ್ದು. ಈ ಮಾತುಗಳನ್ನು ಹೇಳಲು ನಮಗೆ ಒಪ್ಪಿಗೆ ಕೊಟ್ಟವಳೂ ಅವಳೇ.